ಭೈರಮ್ಮನ ‘ಅಡ್ಡಿಲ್ಲ’

ಮದ್ದು ಕೊಟ್ಟವರ ಎದುರಿಗೆ ಗುಣ ಆಗಲಿಲ್ಲ ಎನ್ನಬಾರದು. ಕೆರೆಕಟ್ಟೆಯ ಭೈರಮ್ಮ ಕಲಿತಿದ್ದ ಮರ್ಯಾದೆ ಅದು. ನಾಟಿ ಪಂಡಿತನಾಗಲಿ, ಆಸ್ಪತ್ರೆಯ ಡಾಕ್ಟರಾಗಲಿ, ಹೇಗಿದೆ ಎಂದು ಕೇಳಿದರೆ ಅವಳದು ಒಂದೇ ಉತ್ತರ: ‘ಅಡ್ಡಿಲ್ಲ’. ಆ ಮರ್ಯಾದೆಯನ್ನೇ ಬಂಡವಾಳ ಮಾಡಿಕೊಳ್ಳುವ ಖದೀಮರೂ ಇರುತ್ತಾರೆಂದು ಅವಳಿಗೇನು ಗೊತ್ತು!

ಅವಳು ಊರವರ ದನ ಕಾಯುವವಳು. ಕಾಡಿಗೆ ಹೊಕ್ಕ ದನ ಕಣ್ಣಿಗೆ ಬೀಳುವುದಿಲ್ಲ; ಕೊರಳಿಗೆ ಕಟ್ಟಿದ ಮರದ ಗಂಟೆ, ದೊಂಟೆಯ ಸದ್ದು ಹಿಡಿದೇ ಹುಡುಕಬೇಕು. ವಯಸ್ಸಾದಂತೆ ಆ ಸದ್ದು ದೂರವಾಗುತ್ತ ಬಂತು. ಒಂದು ಸಂಜೆ ಕರುವೊಂದು ಮನೆಗೆ ಬರಲಿಲ್ಲ, ಹುಲಿ ಹಿಡಿದಿತ್ತು. ಇನ್ನು ಬೇರೆಯವರನ್ನು ನೋಡುತ್ತೇವೆ ಎಂದರು ಊರವರು.

ಅದೇ ಹೊತ್ತಿಗೆ, 2008ರಲ್ಲಿ, ಕೊಪ್ಪದ ಬಾಡಿಗೆ ಹಾಲ್‌ನಲ್ಲಿ ಪೇಟೆಯ ಡಾಕ್ಟರೊಬ್ಬ ಕ್ಯಾಂಪ್ ಹಾಕಿದ. ಸ್ಟೆಮ್ ಸೆಲ್ ಅಂತೆ! ಸೊಂಟದ ಮೂಳೆಯಿಂದ ತೆಗೆದು ಕಿವಿಗೆ ಚುಚ್ಚಿದರೆ ಮುದಿಕಿವಿ ಮತ್ತೆ ಚಿಗುರುತ್ತದಂತೆ. ಮೊದಲು ಬಂದವರಿಗೆ ಪುಕ್ಕಟೆ. ಭೈರಮ್ಮ ಹಲ್ಲುಕಚ್ಚಿ ಚುಚ್ಚಿಸಿಕೊಂಡಳು. ತಿಂಗಳಾದ ಮೇಲೆ ಡಾಕ್ಟರ್ ಮುಖದ ಹತ್ತಿರ ಬಂದು, ಹೇಗಿದೆ ಎಂದು ಕೂಗಿದ. ದೊಂಟೆ ಒಂದೂ ಕೇಳುತ್ತಿರಲಿಲ್ಲ. ಆದರೂ ಅವಳು ಕೈಮುಗಿದು ‘ಅಡ್ಡಿಲ್ಲ’ ಎಂದಳು. ಫೋಟೊ ಹೊಡೆದುಕೊಂಡರು.

ಆ ಫೋಟೊ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಮೇಲೆ ಬಂತು: ಭೈರಮ್ಮನಿಗೆ ಕಿವಿ ಬಂತು! ಅದನ್ನು ನಂಬಿ ಅವಳ ಹಳೆಯ ಗೆಳತಿ, ಭಂಡಿಗಡಿಯ ಕಮಲಕ್ಕ, ಬೆಂಡೋಲೆ ಮಾರಿ ತಾನೂ ಚುಚ್ಚಿಸಿಕೊಂಡಳು. ಓಲೆ ಹೋಯಿತು, ಕಿವಿ ಬರಲಿಲ್ಲ. ಒಂದು ದಿನ ಕೆರೆಕಟ್ಟೆಗೇ ಬಂದು ಭೈರಮ್ಮನ ಕಿವಿಯಲ್ಲಿ ಕೂಗಿದಳು:

“ನಿಂಗೆ ಬಂತಲ್ಲೇ ಮಾರಾಯ್ತಿ, ನಂಗೆ ಎಂತಕ್ಕೆ ಬರ್ಲಿಲ್ಲ?”

ಫ್ಲೆಕ್ಸಿನ ವಿಷಯ ಕೇಳಿ ಭೈರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮುಖ ತೋರಿಸಿ ಗೆಳತಿಯ ಓಲೆ ಕಿತ್ತುಕೊಂಡರಲ್ಲ, ಇವರ ಮನೆ ಹಾಳಾಗ!

ಮರುದಿನ ಒಂದು ದೊಂಟೆ ಹಿಡಿದು, ಕಮಲಕ್ಕನನ್ನೂ ಎಳೆದುಕೊಂಡು ಕ್ಯಾಂಪಿಗೆ ನುಗ್ಗಿದಳು. ಹಾಲ್ ತುಂಬ ಮುದುಕ ಮುದುಕಿಯರು, ಅವರನ್ನು ಕರೆತಂದ ಮಕ್ಕಳು. ಕಮಲಕ್ಕನ ಕೈಗೆ ದೊಂಟೆ ಕೊಟ್ಟು, ಬೆನ್ನ ಹಿಂದೆ ನಿಂತು ಬಾರಿಸು ಎಂದಳು. ಎದುರಿಗಿದ್ದವರನ್ನು ಕೇಳಿದಳು:

“ಬಾರಿಸ್ತಿದಾಳಾ?”

ಮಕ್ಕಳು ಹೌದೆಂದು ತಲೆಯಾಡಿಸಿದರು.

“ನಂಗೆ ಕೇಳ್ತಿಲ್ಲ.”

ಡಾಕ್ಟರ್ ಓಡಿಬಂದ. ಮುಖಕ್ಕೆ ಮುಖ ಕೊಟ್ಟು, ನಗುತ್ತ, ಮೊದಲಿನಂತೆಯೇ ಕೂಗಿ ಕೇಳಿದ, ಈಗ ಹೇಗಿದೆ ಅಜ್ಜಿ ಎಂದು. ಹಾಲ್‌ಗೆ ಹಾಲೇ ಅವಳ ಬಾಯಿ ನೋಡುತ್ತಿತ್ತು. ಹಳೆಯ ಉತ್ತರ ತಾನಾಗಿಯೇ ನಾಲಿಗೆ ತುದಿಗೆ ಬಂದಿತ್ತು. ಭೈರಮ್ಮ ಅದನ್ನು ನುಂಗಿಕೊಂಡಳು.

“ಗುಣ ಆಗ್ಲಿಲ್ಲ” ಎಂದಳು, ಹುಟ್ಟಿದಂದಿನಿಂದ ಮೊದಲ ಸಲ.