ವರ್ಲೀನ್ ಹತ್ತಿದ ಮೂರು ಕೋರ್ಟು

ಅಮೆರಿಕದ ಕ್ಲೀವ್‌ಲ್ಯಾಂಡಿನ ನಮ್ಮ ವರ್ಲೀನ್ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಮಹಾ ಹಟಮಾರಿ. ಅವರಮ್ಮನೂ ಹಾಗೇ ಇದ್ದಳು, ಆ ಕಥೆ ಇರಲಿ. ಚಳಿಗಾಲದಲ್ಲಿ ಬಾಡಿಗೆ ಮನೆ ಬೆಚ್ಚಗಿಡುವ ಹೀಟರ್ ಕೆಟ್ಟಿದೆಯೆಂದು ಇವಳು ನಗರಸಭೆಗೆ ದೂರು ಕೊಟ್ಟಳು. ಸಿಟ್ಟಾದ ಮನೆ ಮಾಲೀಕ ಅವಳನ್ನು ಹೊರಹಾಕಲು ಕೇಸು ಹಾಕಿದ. ವಿಚಾರಣೆಯ ದಿನ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವಳು ಅಲ್ಲಿಲ್ಲದಿದ್ದರೆ ಮನೆ ಹೋದಂತೆಯೇ.

ಬಾಡಿಗೆಗೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ನೆರವು ಬರುತ್ತದಲ್ಲ, ಹಾಗಾಗಿ ಅವಳು ನೇರ ಫೆಡರಲ್ ಕೋರ್ಟಿಗೇ ಹೋದಳು. ನೆಲವಂತೂ ಮುಖ ಕಾಣುವಷ್ಟು ಹೊಳಪು!

"ಅಕ್ಕಾ, ಇದು ದೇಶದ ಕೋರ್ಟು. ಮನೆ ಜಗಳ ಇಲ್ಲಿಗ್ಯಾಕೆ ತಂದ್ರಿ?" ಎಂದ ಕಾವಲಿನವನು.

ಹಿಂದೆ ತನಗೆ ವಿಚ್ಛೇದನ ಕೊಟ್ಟಿದ್ದ ರಾಜ್ಯದ ಕೋರ್ಟಿಗೆ ಓಡಿದಳು. ಅಲ್ಲಿನ ಗುಮಾಸ್ತೆ ನಕ್ಕಳು. "ಗಂಡನ್ನ ಬಿಡೋಕೆ ಇಲ್ಲಿ, ಮನೆ ಉಳಿಸ್ಕೊಳ್ಳೋಕೆ ಸಿಟಿ ಕೋರ್ಟು. ರಸ್ತೆ ದಾಟು, ಬೇಗ ಹೋಗಮ್ಮ!"

ಸಿಟಿ ಕೋರ್ಟಿನಲ್ಲಿ ಮಾಲೀಕನ ವಕೀಲ ಆಗಲೇ ಎದ್ದು, "ಆಕೆ ಬಂದಿಲ್ಲ" ಎನ್ನುತ್ತಿದ್ದ.

"ಬಂದಿದೀನಿ!" ಬಾಗಿಲಿನಿಂದಲೇ ಕೂಗಿದಳು ವರ್ಲೀನ್. "ಊರಿನ ಕೋರ್ಟೆಲ್ಲಾ ಸುತ್ಕೊಂಡೇ ಬಂದಿದೀನಿ. ನನ್ನ ಮಾತು ಕೇಳ್ದೆ ಯಾರೂ ಏಳ್ಬಾರ್ದು."

ನ್ಯಾಯಾಧೀಶೆ ನಗು ತಡೆದುಕೊಂಡರು. "ಮೊದ್ಲು ಸುಧಾರಿಸ್ಕೊಳ್ಳಿ, ಆಮೇಲೆ ಹೇಳಿ."

ವರ್ಲೀನ್ ನಿಂತೇ ಎಲ್ಲಾ ಹೇಳಿದಳು. ದೂರು ಕೊಟ್ಟ ಸಿಟ್ಟಿಗೆ ಯಾರನ್ನೂ ಹೊರಹಾಕುವಂತಿಲ್ಲ ಎಂದರು ನ್ಯಾಯಾಧೀಶೆ. ಮನೆ ಉಳಿಯಿತು, ಹೀಟರ್ ರಿಪೇರಿಗೂ ಅಪ್ಪಣೆಯಾಯಿತು.