ಉಂಗುರದ ಬೆರಳಿನ ಪಾಠ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತವನು ಉಳ್ಳಾಗಡ್ಡಿಯೊಂದನ್ನು ಎಡಗೈಯ ಮುಷ್ಟಿಯಿಂದ ಗುದ್ದಿ ಒಡೆದೆ. ನಮ್ಮ ಕಡೆ ರೊಟ್ಟಿಗೆ ಉಳ್ಳಾಗಡ್ಡಿಯನ್ನು ಕೊಯ್ದು ತಿನ್ನುವವರು ಕಡಿಮೆ. ಗುದ್ದಿ ತಿಂದರೇ ಅದಕ್ಕೆ ರುಚಿ. ಒಡೆದ ಪದರಿನಿಂದ ತೆಳ್ಳಗಿನ ಪೊರೆಯೊಂದು ಎದ್ದು ಬೆರಳಿಗೆ ಅಂಟಿಕೊಂಡಿತು. ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತ ಕುಳಿತೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ, ಉಳ್ಳಾಗಡ್ಡಿಯನ್ನು ಹುಟ್ಟಿದಾಗಿನಿಂದ ಕಾಣದವರ ಹಾಗೆ ಏನು ನೋಡುತ್ತೀರಿ, ರೊಟ್ಟಿ ಆರುತ್ತದೆ ಎಂದಳು. ಇದು ಅಂಗಾಂಶ ಎಂದೆ. ಅವಳು ಹಂಚಿನ ಕಡೆ ತಿರುಗಿದಳು. ಅವಳಿಗೆ ಈ ಮಾತು ಹಳೆಯದು.

ನಿಮಗೆ ಹೊಸದಿರಬಹುದು. ಎಂಟನೆಯ ಇಯತ್ತೆಯ ನಡುವೆ ಶಾಲೆಯಿಂದ ಎದ್ದುಹೋದ ಗೋಡೆ ಕಟ್ಟುವ ಗೌಂಡಿಗೆ ಅಂಗಾಂಶ ಎಂಬ ಶಬ್ದ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಶಾಲೆ ಬಿಟ್ಟೆ ಎನ್ನುವುದಕ್ಕಿಂತ ಗಾರೆ ಎಳೆಯುವ ಕರಣಿ ಹಿಡಿದೆ ಎನ್ನುವುದು ನನಗೆ ಇಷ್ಟ. ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೊರಟರೆ ಕಿಟಕಿಯಲ್ಲಿ ಕಾಣುವ ಮನೆಗಳಲ್ಲಿ ಎಷ್ಟೋ ಗೋಡೆಗಳ ಸಿಮೆಂಟು ಗಿಲಾವು ನನ್ನದು. ಅದನ್ನು ಪಕ್ಕದಲ್ಲಿ ಕುಳಿತವರಿಗೆ ತೋರಿಸದೆ ಇರಲು ನನ್ನಿಂದ ಆಗುವುದಿಲ್ಲ. ಗೋಗಿ ಊರಿನವರೊಬ್ಬರು ಒಮ್ಮೆ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತರು. ಅಲ್ಲಿಂದ ಗೋಡೆಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವೋ ಏನೋ.

ಇಷ್ಟು ಹೆಮ್ಮೆಯ ಮನುಷ್ಯನಿಗೆ ಬಚ್ಚಿಡುವಂಥದ್ದೂ ಒಂದಿತ್ತು. ಟೈಲ್ಸ್ ಕೊಯ್ಯುವ ಮಶೀನು ಒಮ್ಮೆ ಜಾರಿ ನನ್ನ ಬಲಗೈಯ ಉಂಗುರದ ಬೆರಳಿನ ಬುಡಕ್ಕೆ ಬಂತು. ಗಾಯ ಮಾಯಿತು. ದೊಡ್ಡ ದವಾಖಾನೆಗೆ ಹೋಗಿ ತೋರಿಸು ಎಂದು ಪಟ್ಟಿ ಕಟ್ಟಿದ ಡಾಕ್ಟರು ಹೇಳಿದ್ದರು. ಕೈಯಲ್ಲಿ ಕೆಲಸವಿತ್ತು, ಹೋಗಲಿಲ್ಲ. ಆಮೇಲೆ ಆ ಬೆರಳು ಮಡಚಲೇ ಇಲ್ಲ. ಉಳಿದ ನಾಲ್ಕು ಬೆರಳು ಕರಣಿ ಹಿಡಿದರೆ ಅದೊಂದು ನೆಟ್ಟಗೆ ನಿಂತಿರುತ್ತಿತ್ತು, ಯಾರಿಗೋ ದಾರಿ ತೋರಿಸುವಂತೆ. ಸತ್ತಿದೆ ಎಂದು ನಾನೇ ತೀರ್ಮಾನ ಮಾಡಿ, ಸಿಮೆಂಟು ಕಚ್ಚಬಾರದೆಂಬ ನೆವ ಹೇಳಿ ಅದಕ್ಕೂ ಪಕ್ಕದ ಬೆರಳಿಗೂ ಸೇರಿಸಿ ಬಟ್ಟೆ ಸುತ್ತಿಕೊಂಡು ಓಡಾಡಿದೆ. ಗೌಂಡಿಯ ಬೆರಳಿಗೆ ಐಬು ಇದೆಯೆಂದು ಗೊತ್ತಾದರೆ ಜನರ ಕಣ್ಣಿಗೆ ಗೋಡೆಯೂ ಸೊಟ್ಟ ಕಾಣುತ್ತದೆ. ಕರಣಿ ಕಸಿದು ಬುಟ್ಟಿ ಹೊರಲು ಹಚ್ಚುತ್ತಾರೆ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಮಗಳು ರೇಣುಕಾಳಿಗೆ ಮಾತ್ರ.

ಏಳೆಂಟು ವರ್ಷದ ಹಿಂದೆ ನಮ್ಮೂರ ಹೈಸ್ಕೂಲಿನಲ್ಲಿ ಎರಡು ಕೋಣೆಗಳ ಕೆಲಸ ಬಂತು. ಹೆಡ್‌ಮಾಸ್ತರರು ಎಚ್ಚರದ ಮನುಷ್ಯ. ಮೊದಲು ಒಂದು ಕೋಣೆ ಮಾಡು, ನೋಡುತ್ತೇನೆ, ಸರಿಯೆನಿಸಿದರೆ ಇನ್ನೊಂದೂ ನಿನಗೇ ಎಂದರು. ಆ ಕೋಣೆಗೂ ಒಂಬತ್ತನೆಯ ತರಗತಿಗೂ ನಡುವೆ ಒಂದು ಕಿಟಕಿ, ಅದಕ್ಕೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ. ಆಚೆ ಎರಡನೆಯ ಸಾಲಿನಲ್ಲಿ ರೇಣುಕಾ ಕುಳಿತಿರುತ್ತಿದ್ದಳು. ಈಚೆ ನಾನು ಗಿಲಾವು ಹಚ್ಚುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕ ಮೊದಲ ಪಾಠ ಹಾಗೆ ಕಿಟಕಿಯಿಂದ ಬಂತು.

ಪಾಠ ಮಾಡುತ್ತಿದ್ದವರು ಸುಜಾತಾ ಮೇಡಂ. ದಿನಾ ಶಹಾಪುರದಿಂದ ಬಸ್ಸಿಗೆ ಬರುತ್ತಿದ್ದ ತೆಳ್ಳನೆಯ ಹುಡುಗಿ. ದನಿ ಮಾತ್ರ ಎರಡು ಗೋಡೆ ದಾಟುವಂಥದ್ದು. ಪುಸ್ತಕ ಓದಿಸಿ ಬಿಡುವವರಲ್ಲ. ಉಳ್ಳಾಗಡ್ಡಿಯ ಪೊರೆ ಎತ್ತಿ ಗಾಜಿನ ಪಟ್ಟಿಯ ಮೇಲೆ ಹಾಸಿ ಮಕ್ಕಳನ್ನು ಸಾಲಾಗಿ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದರು. ಜೋಳದ ಎಳೆಯ ದಂಟನ್ನು ಕೆಂಪು ಮಸಿಯ ನೀರಿನಲ್ಲಿ ಇಟ್ಟು, ಮರುದಿನ ಅಡ್ಡ ಕೊಯ್ದು, ನೀರು ಹತ್ತಿದ ದಾರಿಯನ್ನು ಕೆಂಪು ಚುಕ್ಕೆಗಳಲ್ಲಿ ತೋರಿಸಿದರು. ಪುಂಡಿ ಕಟ್ಟಿಗೆಯ ಸಿಪ್ಪೆ ಸುಲಿದು ನಾರು ಎಳೆದು, ನಿಮ್ಮ ಮನೆಯ ಹಗ್ಗ ಕೂಡ ಅಂಗಾಂಶವೇ ಎಂದರು. ಒಂದೇ ತರಹದ ಜೀವಕೋಶಗಳು ಒತ್ತೊತ್ತಾಗಿ ಸೇರಿ ಒಂದೇ ಕೆಲಸಕ್ಕೆ ನಿಂತರೆ ಅದಕ್ಕೆ ಆ ಹೆಸರಂತೆ.

ಅಷ್ಟು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ, ಮೇಡಂ ಅವರೇ, ಅಂದರೆ ಇದು ಇಟ್ಟಿಗೆ ಕಟ್ಟಿದ ಹಾಗೇ ಆಯಿತಲ್ಲ ಎಂದೆ. ರೇಣುಕಾ ಪುಸ್ತಕದೊಳಗೆ ಮುಖ ಹುದುಗಿಸಿದಳು. ಮೇಡಂ ಸಿಟ್ಟಾಗಲಿಲ್ಲ.

“ನೋಡಾಕ ಹಂಗ ಅದರಿ ಅಣ್ಣಾರ. ಆದ್ರ ನಿಮ್ಮ ಇಟ್ಟಿಗಿ ಇನ್ನೊಂದು ಇಟ್ಟಿಗಿ ಹಡಿತದೇನ್ರಿ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆಯವರೆಗೆ ಗಿಲಾವಿನ ಒಳಗಿದ್ದ ಒಂದೊಂದು ಇಟ್ಟಿಗೆಯೂ ಸತ್ತದ್ದೆಂದು ಅನಿಸುತ್ತಲೇ ಇತ್ತು. ಅಂದು ಮನೆಯಲ್ಲಿ ರೇಣುಕಾ ನನಗೆ ಒಂದೇ ಷರತ್ತು ಹಾಕಿದಳು. ಕೈ ಎಷ್ಟು ಬೇಕಾದರೂ ಆಡಿಸು, ಬಾಯಿ ಆಡಿಸಬೇಡ.

ಸಸ್ಯಗಳು ಮುಗಿದು ಪ್ರಾಣಿಗಳ ಸರದಿ ಬರುವಷ್ಟರಲ್ಲಿ ಶ್ರಾವಣ ಹತ್ತಿತ್ತು. ಮೇಡಂ ಆಡಿನ ಕಾಲೊಂದನ್ನು ತಂದು ಎಲುಬು, ಮಾಂಸ, ನರ ಎಲ್ಲವನ್ನೂ ಬಿಡಿಸಿ ತೋರಿಸುವ ಲೆಕ್ಕ ಹಾಕಿದ್ದರು. ಬಿಸಿಯೂಟದ ಅಡುಗೆಯವರಿಗೆ ಸುದ್ದಿ ಹತ್ತಿತು. ಶ್ರಾವಣದಲ್ಲಿ ಶಾಲೆಯೊಳಗೆ ಮಾಂಸ ಬಂದರೆ ನಾವು ಒಲೆ ಹಚ್ಚುವುದಿಲ್ಲ ಎಂದರು. ಮೇಡಂ ವಾದಿಸಲಿಲ್ಲ; ಅವರ ಮನೆಯಲ್ಲೂ ಆ ತಿಂಗಳು ಅದೇ ನೇಮವಂತೆ, ಪಾಠದ ಗುಂಗಿನಲ್ಲಿ ಮರೆತಿದ್ದರು. ಹೆಡ್‌ಮಾಸ್ತರರು ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಗೋಡೆಗೆ ತೂಗುಹಾಕಿದ ಚಿತ್ರಪಟ ಅರ್ಧ ಹರಿದಿತ್ತು. ಮೇಡಂ ಅತ್ತ ಇತ್ತ ನೋಡಿದರು. ಕಿಟಕಿಯಲ್ಲಿ ಅವರಿಗೆ ನಾನು ಕಂಡೆ.

“ಅಣ್ಣಾರ, ಸ್ವಲ್ಪ ಹೊತ್ತು ನಿಮ್ಮ ಕೈ ಕೊಡ್ತೀರೇನ್ರಿ?”

ಕರಣಿ ಇಟ್ಟು, ಕೈ ತೊಳೆದು ಒಳಗೆ ಹೋದೆ. ಅಭ್ಯಾಸದಂತೆ ಬಲಗೈಯನ್ನೇ ಅಂಗೈ ಮೇಲಾಗಿಸಿ ಮೇಜಿನ ಮೇಲಿಟ್ಟೆ. ಜಡ್ಡುಗಟ್ಟಿದ ಚರ್ಮವನ್ನು ಪೆನ್ನಿನಿಂದ ಮುಟ್ಟುತ್ತ, ಇದು ಅನುಲೇಪಕ ಅಂಗಾಂಶ, ಪದರ ಪದರವಾಗಿ ಇರುತ್ತದೆ, ಎಲ್ಲಕ್ಕಿಂತ ಮೇಲಿನವು ಸತ್ತ ಕೋಶಗಳು, ಸತ್ತ ಮೇಲೂ ಕೆಳಗಿನವನ್ನು ಕಾಯುತ್ತವೆ ಎಂದರು. ಮಕ್ಕಳು ಎದ್ದು ಬಂದು ಮುಟ್ಟಿ ನೋಡಿದರು. ಇಷ್ಟು ಮರ್ಯಾದೆ ಈ ಅಂಗೈಗೆ ಯಾವ ಮನೆಯ ಮಾಲೀಕನೂ ಕೊಟ್ಟಿರಲಿಲ್ಲ. ನಾನು ಉಬ್ಬಿಹೋದೆ. ಮುಷ್ಟಿ ಬಿಗಿಯಿರಿ, ಮಣಿಕಟ್ಟಿನಲ್ಲಿ ಹಗ್ಗಗಳು ಏಳುವುದು ಕಾಣಲಿ, ಅದೇ ಸ್ನಾಯುರಜ್ಜು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ ಎಂದರು. ಮುಷ್ಟಿಗೆ ಬಟ್ಟೆ ಅಡ್ಡ ಬಂದದ್ದು ಅವರ ಕಣ್ಣಿಗೆ ಬಿತ್ತು. ಅದನ್ನು ಬಿಚ್ಚಿರಿ, ಐದೂ ಬೆರಳು ಕಾಣಲಿ ಎಂದರು.

ಗಾಯವಾಗಿದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರರು, ಅವರ ಕೈಯಲ್ಲಿ ಎರಡನೆಯ ಕೋಣೆ. ಅಷ್ಟರಲ್ಲಿ ರೇಣುಕಾ ಎದ್ದು ನಿಂತಳು.

“ಮೇಡಂ, ಅದು ಬ್ಯಾಡ್ರಿ.”

ಮಗಳು ನನ್ನನ್ನು ಕಾಯಲು ನಿಂತಿದ್ದಳು. ಅವಳ ಮುಖದಲ್ಲಿದ್ದ ಮರುಕವನ್ನು ತಡೆದುಕೊಳ್ಳುವುದು ನನಗೆ ಆಗಲಿಲ್ಲ. ಕೆಲಸ ಹೋದರೆ ಹೋಯಿತು. ಎಲ್ಲರೆದುರು ಬಟ್ಟೆ ಬಿಚ್ಚಿ ಮುಷ್ಟಿ ಕಟ್ಟಿದೆ. ನಾಲ್ಕು ಮಡಚಿದವು. ಅದು ನಿಂತಿತು.

“ಇದು ಸತ್ತೈತ್ರಿ ಮೇಡಂ” ಎಂದೆ.

ಮೇಡಂ ಬಾಗಿ ಗಾಯದ ಗುರುತು ನೋಡಿದರು. ಪೆನ್ನಿನ ತುದಿಯಿಂದ ಬೆರಳನ್ನು ಚುಚ್ಚಿ, ಗೊತ್ತಾಗುತ್ತದೆಯೇ ಎಂದು ಕೇಳಿದರು. ಗೊತ್ತಾಗುತ್ತದೆ ಎಂದೆ. ಇನ್ನೊಂದು ಕೈಯಿಂದ ಒತ್ತಿ ಮಡಚಲು ಹೇಳಿದರು. ಅರ್ಧ ಮಡಚಿತು. ಅವರು ನನ್ನ ಮುಂಗೈಯ ಒಳಭಾಗದಲ್ಲಿ ಒಂದು ಜಾಗ ತೋರಿಸಿ, ಯಾರಾದರೂ ಇಲ್ಲಿ ಕೈ ಇಡಿ ಎಂದರು. ಯಾರೂ ಏಳಲಿಲ್ಲ. ನಿಂತೇ ಇದ್ದ ರೇಣುಕಾ ಬಂದು ಅಂಗೈ ಇಟ್ಟಳು.

“ಅಣ್ಣಾರ, ಆ ಬೆರಳಿಗೆ ಮಡಚು ಅನ್ರಿ.”

ಅಂದೆ. ಬೆರಳು ಕಂಬದ ಹಾಗೆ ನಿಂತಿತ್ತು.

“ಎಳಿಯಾಕತ್ತದರಿ” ಎಂದಳು ರೇಣುಕಾ, ಮೆಲ್ಲಗೆ. “ಅಪ್ಪಾ, ಒಳಗ ಎಳಿಯಾಕತ್ತದ.”

“ಬೆರಳು ಸತ್ತಿಲ್ರಿ” ಎಂದರು ಮೇಡಂ. “ಚುಚ್ಚಿದ್ರ ಗೊತ್ತಾಗ್ತದ, ಅಂದ್ರ ನರ ಅದ. ಎಲುಬು ಅದ. ಸ್ನಾಯುನೂ ಅದ, ನೀವು ಹೇಳಿದಾಗೆಲ್ಲ ಎಳೀತದ. ನಡುವಿನ ಹಗ್ಗ ಹರದದ, ಅಷ್ಟ.”

ಅವತ್ತು ಬಾಯಿ ಆಡಿಸಬೇಡ ಎಂಬ ರೇಣುಕಾಳ ಷರತ್ತು ನನಗೆ ಬೇಕಾಗಲಿಲ್ಲ. ಇಷ್ಟು ವರ್ಷ ಆ ಬೆರಳನ್ನು ಮೈಗಳ್ಳ ಆಳನ್ನು ಬೈದ ಹಾಗೆ ಬೈದಿದ್ದೆ. ತೋಳು ಮಾತ್ರ, ಹಗ್ಗ ಹರಿದದ್ದು ಗೊತ್ತಿಲ್ಲದೆ, ನಾನು ಕರಣಿ ಹಿಡಿದಾಗೆಲ್ಲ ತನ್ನ ಪಾಲಿನ ಎಳೆತ ಎಳೆಯುತ್ತಲೇ ಇತ್ತು.

ಪಾಠ ಮುಗಿದ ಮೇಲೆ ಹೆಡ್‌ಮಾಸ್ತರರು ಸೀದಾ ನನ್ನ ಕೋಣೆಗೆ ಬಂದರು. ನಾನು ಬಟ್ಟೆ ಸುತ್ತಿಕೊಳ್ಳದೆ ನಿಂತಿದ್ದೆ. ಅವರು ಗೋಡೆಯ ಮೇಲೆ ಅಂಗೈ ಆಡಿಸಿದರು, ಮೂಲೆಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು.

“ಆ ಬೆರಳಿಂದನ ಈ ಗ್ವಾಡಿ ಮಾಡೀಯೇನು?”

“ಅದನ್ನ ಬಿಟ್ಟು ಮಾಡೇನ್ರಿ” ಎಂದೆ.

ಅವರಿಗೆ ನಗು ಬಂತು. ಎರಡನೆಯ ಕೋಣೆಗೂ ಮರಳು ಹಾಕಿಸುತ್ತೇನೆ ಎಂದು ಹೇಳಿ ಹೋದರು. ಸಂಜೆ ಮನೆಗೆ ನಡೆಯುವಾಗ ರೇಣುಕಾ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಈಗ ಕಿರುಬೆರಳು ಮಡಚು, ಈಗ ನಡುಬೆರಳು, ಈಗ ಅದಕ್ಕೆ ಹೇಳು ಎನ್ನುತ್ತ ಒತ್ತಿ ಒತ್ತಿ ನೋಡಿದಳು. ಎದುರಿಗೆ ಬಂದವರು, ಗೌಂಡಿಯ ಕೈಗೆ ಏನಾಯಿತು ಎಂದು ಕೇಳಿದರು. ಪಾಠ ಆಯಿತು ಎಂದೆ. ಆಮೇಲೆ ಬಟ್ಟೆ ಸುತ್ತಲಿಲ್ಲ. ಒಂದಿಬ್ಬರು ಬೇರೆ ಗೌಂಡಿಯನ್ನು ಹುಡುಕಿಕೊಂಡರು, ಅದೂ ನಿಜ. ಉಳಿದವರು ಗೋಡೆ ನೋಡಿದರು.

ಮೊನ್ನೆ ಉಳ್ಳಾಗಡ್ಡಿಯ ಪೊರೆ ಹಿಡಿದು ಕುಳಿತದ್ದಕ್ಕೆ ಕಾರಣವಿತ್ತು. ಬೆಳಿಗ್ಗೆ ಯಾದಗಿರಿಯಿಂದ ರೇಣುಕಾಳ ಫೋನು ಬಂದಿತ್ತು. ಅಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಹೈಸ್ಕೂಲೊಂದರಲ್ಲಿ ಅಭ್ಯಾಸದ ಪಾಠ ಮಾಡಬೇಕು, ತಾನೇ ಅಂಗಾಂಶಗಳನ್ನು ಕೇಳಿ ತೆಗೆದುಕೊಂಡಿದ್ದಾಳೆ.

“ಅಪ್ಪಾ, ಸೋಮವಾರ ಬರ್ತೀಯೇನು? ನಿನ್ನ ಕೈ ಬೇಕಾಗೇದ.”

ಶಹಾಪುರದಲ್ಲಿ ಕೆಲಸ ನಡೆದಿದೆ, ಆದರೂ ಬರುತ್ತೇನೆ ಎಂದೆ.

“ಬಾಯಿ ಮನ್ಯಾಗ ಬಿಟ್ಟು ಬಾ.”

ರೊಟ್ಟಿ ಆರಿತ್ತು. ತಿಂದು ಕೈ ತೊಳೆಯುವಾಗ, ಉಗುರಿನ ಸಂದಿಯ ಸಿಮೆಂಟನ್ನು ಸೋಮವಾರಕ್ಕೆ ತೆಗೆಯಲೋ ಬೇಡವೋ ಎಂದು ಯೋಚಿಸಿದೆ. ಇರಲಿ, ಮಕ್ಕಳಿಗೆ ಅದೂ ಕಾಣಲಿ. ಎಡ ಅಂಗೈಯನ್ನು ಬಲ ಮುಂಗೈಯ ಮೇಲಿಟ್ಟು, ಉಂಗುರದ ಬೆರಳಿಗೆ ಮಡಚು ಎಂದೆ. ಬೆರಳು ಅಲುಗಲಿಲ್ಲ. ಅಂಗೈಯ ಕೆಳಗೆ ತೋಳು ಎಳೆಯಿತು.