ನಾಲ್ಕು ವರ್ಷದ ಮಗಳ ಮದುವೆ

ನನ್ನದು ಮೊದಲಿನಿಂದಲೂ ಸಿಡುಕು ಸ್ವಭಾವ. ಗುರುವಾಯನಕೆರೆಯ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಜೋರು ಮಾಡಲೇಬೇಕಾಗಿದ್ದ ಒಂದು ದಿನ ನಾನು ಬಾಯಿ ತೆರೆಯಲಿಲ್ಲ. ಅದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನನ್ನ ನಾಲ್ಕು ವರ್ಷದ ಮಗಳು ಮೂರು ದಿನದ ಜ್ವರಕ್ಕೆ ತೀರಿಹೋದ ದಿನ.

ಮಂಗಳೂರಿನ ಆಸ್ಪತ್ರೆಗೆಂದು ಹೊರಟಿದ್ದೆವು. ಬಿ.ಸಿ.ರೋಡ್ ತಲುಪುವ ಹೊತ್ತಿಗೆ ಮುಗಿದಿತ್ತು. ಅಲ್ಲಿಂದಲೇ ಬಾಡಿಗೆ ಕಾರು ಮಾಡಿಕೊಂಡು ಹಿಂದೆ ಬಂದೆವು. ಅಂಗಳದಲ್ಲಿ ಇಳಿದದ್ದೇ ತಡ, ಗಂಡಸರು ಅವಳನ್ನು ನನ್ನ ಮಡಿಲಿನಿಂದ ತೆಗೆದುಕೊಂಡು ಗುಡ್ಡದ ಕಡೆ ಹೋದರು. ಹೆಂಗಸರು ಅಲ್ಲಿಗೆ ಹೋಗುವ ಕ್ರಮ ಇಲ್ಲ. ಸಣ್ಣ ಮಗುವಾದ್ದರಿಂದ ಒಳಗೆ ತಂದು ಮಲಗಿಸುವುದೂ ಇಲ್ಲ, ಸ್ನಾನವೂ ಇಲ್ಲ. ಅವಳ ಕೆನ್ನೆಯ ಮೇಲೆ ಉಗುಳಿದ ಔಷಧಿ ಒಣಗಿ ಅಂಟಿಕೊಂಡಿತ್ತು. ಒರೆಸಬೇಕು ಎಂದುಕೊಳ್ಳುವಷ್ಟರಲ್ಲಿ ಮಡಿಲು ಖಾಲಿಯಾಗಿತ್ತು. ಆ ಕೆನ್ನೆ ನನ್ನನ್ನು ವರ್ಷಗಟ್ಟಲೆ ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ.

ನಮ್ಮ ಕಡೆ ತೀರಿಕೊಂಡವರನ್ನು ಕುಲೆಗಳು ಎನ್ನುತ್ತಾರೆ. ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ಒಂದು ದಿನ ಒಳಕೋಣೆಯಲ್ಲಿ ಅವರಿಗೆ ಸಾಲಾಗಿ ಬಾಳೆಲೆ ಹಾಕಿ, ಊಟ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುವುದು ಪದ್ಧತಿ. ಮಗಳು ಹೋದ ವರ್ಷದ ಆಟಿಯಲ್ಲಿ ನಾನು ಎಲೆ ಎಣಿಸಿದೆ. ಅಜ್ಜನಿಗೆ, ಅಜ್ಜಿಗೆ, ಮಾವನಿಗೆ ಒಂದೊಂದು. ಅವಳಿಗೆ ಇರಲಿಲ್ಲ.

"ಹಾಲುಹಲ್ಲು ಬೀಳದ ಮಕ್ಕಳಿಗೆ ಏನೂ ಮಾಡ್ಲಿಕ್ಕಿಲ್ಲ," ಎಂದರು ಅತ್ತೆ. "ಅವರು ಬಂದ ದಾರಿಯಲ್ಲೇ ಹೋಗ್ತಾರೆ."

ಅವತ್ತು ನನ್ನ ಬಾಯಿ ತೆರೆಯಿತು. "ದಾರಿ ಗೊತ್ತಿರುವ ವಯಸ್ಸಾ ಅದು? ನನ್ನ ಶಾಲೆಯಿಂದ ಮನೆಗೆ ಬರ್ಲಿಕ್ಕೇ ಅವಳಿಗೆ ಗೊತ್ತಿರ್ಲಿಲ್ಲ," ಎಂದು ನಾನೇ ತೋಟಕ್ಕೆ ಇಳಿದು ಒಂದು ಎಲೆ ಕೊಯ್ದು ತಂದೆ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆದರೆ ಮರುವರ್ಷ ಅವರೇ ಒಂದು ಎಲೆ ಹೆಚ್ಚು ತೆಗೆದಿಟ್ಟಿದ್ದರು.

ಹೀಗೆ ಹದಿನಾರು ಆಟಿ ಕಳೆಯಿತು. ಈ ನಡುವೆ ಇಬ್ಬರು ಗಂಡುಮಕ್ಕಳು ಹುಟ್ಟಿ ಹೈಸ್ಕೂಲು ಸೇರಿದ್ದರು. ಒಂದು ದಿನ ಪಕ್ಕದ ಮನೆಯವರು ಮಗಳ ಮದುವೆಗೆ ಕರೆಯಲು ಬಂದರು. ನನ್ನ ಮಗಳು ಹುಟ್ಟಿದ ತಿಂಗಳಲ್ಲೇ ಹುಟ್ಟಿದ ಹುಡುಗಿ ಅವಳು, ಅವಳಿಗೆ ಮಗ್ಗಿ ಕಲಿಸಿದವಳು ನಾನು. ಕಾಗದ ತೆಗೆದುಕೊಂಡೆ, ನಕ್ಕೆ, ಕಾಫಿ ಕೊಟ್ಟೆ. ಅವರು ಹೋದ ಮೇಲೆ ಅಡುಗೆಮನೆಗೂ ಜಗಲಿಗೂ ಸುಮ್ಮನೆ ತಿರುಗತೊಡಗಿದೆ. ಗಂಡ ಬೆಳ್ತಂಗಡಿಯ ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆಯ ಮನುಷ್ಯ. ಸಂಜೆ ಅವರು ಬಂದು ಚೀಲ ಕೆಳಗಿಡುವ ಮೊದಲೇ, "ಅವಳಿಗೂ ಮದುವೆ ಮಾಡುವ," ಎಂದೆ.

ಯಾರಿಗೆ ಎಂದು ಅವರು ಕೇಳಲಿಲ್ಲ. ತೀರಿಹೋದ ಮಕ್ಕಳು ಅಲ್ಲಿಯೂ ವರ್ಷ ವರ್ಷ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಹಾಗೆಯೇ ತೀರಿಹೋದ ಒಂದು ಜೋಡಿ ಹುಡುಕಿ ಮದುವೆ ಮಾಡಿಸಬೇಕು ಎಂಬುದು ನಮ್ಮವರ ನಂಬಿಕೆ. ವಿಜ್ಞಾನ ಪಾಠ ಮಾಡುವವಳು ಇದನ್ನು ನಂಬುತ್ತೀಯಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ನಂಬುತ್ತೇನೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಅವಳಿಗಾಗಿ ಒಂದು ಕೆಲಸವನ್ನಾದರೂ ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಮಾಡಬೇಕಿತ್ತು, ಅಷ್ಟೇ.

ಗಂಡನ ಪರಿಚಯದವರ ಮೂಲಕ ಮೂಡಬಿದ್ರೆಯ ಕಡೆಯ ಒಂದು ಸಂಬಂಧ ಬಂತು. ಹುಡುಗ ಆರು ವರ್ಷಕ್ಕೆ ಹೋದವನು, ಇದ್ದಿದ್ದರೆ ಇಪ್ಪತ್ತೆರಡು. ಗೋತ್ರದ ಹಾಗೆ ನಮ್ಮಲ್ಲಿರುವ ಬಳಿಯೂ ಬೇರೆ. ಒಂದೇ ಬಳಿಯಾದರೆ ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ, ಸತ್ತವರಿಗೂ ಅದೇ ಲೆಕ್ಕ. ಎಲ್ಲ ಸರಿ, ಆದರೆ ನನಗೆ ಸಮಾಧಾನವಿಲ್ಲ. ಆ ಮನೆಯವರು ಕುಲೆಗಳಿಗೆ ನೆಟ್ಟಗೆ ಬಡಿಸುವವರೋ, ಬೇಕೋ ಬೇಡವೋ ಎಂದು ಬಡಿಸುವವರೋ? ಒಂದು ಶನಿವಾರ ಶಾಲೆ ಬಿಟ್ಟದ್ದೇ ಮೂಡಬಿದ್ರೆ ಬಸ್ಸು ಹತ್ತಿ, ಹೇಳದೆ ಕೇಳದೆ ಆ ಮನೆಯ ಅಂಗಳದಲ್ಲಿ ಹೋಗಿ ನಿಂತೆ.

ಹುಡುಗನ ತಾಯಿ ಒಬ್ಬರೇ ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ತೆಳ್ಳಗಿನ ಹೆಂಗಸು. ಬೀಡಿ ಕಟ್ಟುತ್ತಿದ್ದವರು ಮೊರವನ್ನು ಬದಿಗಿಟ್ಟು ಎದ್ದರು. ನಾನು ಇನ್‌ಸ್ಪೆಕ್ಟರ್ ಶಾಲೆಗೆ ಬಂದ ಹಾಗೆ ಕೇಳಿದೆ, "ನೀವು ಎಲ್ಲಿ ಬಡಿಸುವುದು?" ಅವರು ಬೇಸರಿಸದೆ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಸಗಣಿ ಸಾರಿಸಿದ ನೆಲ, ಕಾಲುದೀಪ, ಗೋಡೆಗೆ ಒರಗಿಸಿದ ಮಣೆಗಳು. "ಒಂದು ವರ್ಷವೂ ತಪ್ಪಿಸ್ಲಿಲ್ಲ ಟೀಚರೆ," ಎಂದರು. ನಾನು ನೆಲದ ಮೂಲೆಗಳನ್ನೂ ನೋಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಧಾರೆ ಸೀರೆಗೆ ಕುಪ್ಪಸ ಹೊಲಿಸಲು ಗಂಡನ ಜೊತೆ ಬಿ.ಸಿ.ರೋಡಿಗೆ ಹೋದೆ. ಟೈಲರ್ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ಅಳತೆ ರವಿಕೆ ಇಲ್ಲದಿದ್ರೆ ಹುಡುಗಿಯನ್ನೇ ಕರ್ಕೊಂಡು ಬನ್ನಿ ಟೀಚರೆ," ಎಂದ. ಆಗ ಪಕ್ಕದಲ್ಲಿದ್ದ ಗಂಡ, "ಇವಳಿಗಿಂತ ಸಪುರ. ಎತ್ತರ ನನ್ನ ಹಾಗೆ. ತೋಳು ಸ್ವಲ್ಪ ಉದ್ದ ಇರ್ಲಿ," ಎಂದರು. ಯೋಚಿಸಿ ಹೇಳಿದಂತೆ ಇರಲಿಲ್ಲ, ದಿನಾ ನೋಡುವವಳ ವಿಷಯ ಹೇಳಿದಂತಿತ್ತು. ನಾನೊಬ್ಬಳೇ ಅವಳನ್ನು ಬೆಳೆಸುತ್ತಿದ್ದೇನೆ ಎಂದುಕೊಂಡಿದ್ದೆ.

ಹಿಂದೆ ಬರುವ ಬಸ್ಸಿನಲ್ಲಿ ಹದಿನಾರು ವರ್ಷ ಕೇಳದ್ದನ್ನು ಕೇಳಿದೆ. "ಅವತ್ತು ಅವಳ ಮುಖ ತೊಳೆದಿರಾ?"

ಅವರು ಕಿಟಕಿಯ ಕಡೆ ತಿರುಗಿಯೇ ಹೇಳಿದರು. "ತೋಡಿನ ಹತ್ತಿರ ನಿಲ್ಲಿಸ್ಲಿಕ್ಕೆ ಹೇಳಿದೆ. ನೀರು ತಣ್ಣಗಿತ್ತು. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡ್ಕೊಂಡು ಆಮೇಲೆ ಹಾಕಿದೆ. ಉಳಿದವರು ಹೊತ್ತಾಯ್ತು ಅಂತ ಬೈದ್ರು."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಈ ಹದಿನಾರು ವರ್ಷವೂ ನನ್ನೊಡನೆ ಒಂದೇ ಚಾಪೆಯಲ್ಲಿ ಮಲಗಿದ ಮನುಷ್ಯ!

ಮದುವೆ ಆಟಿಯಲ್ಲೇ ಆಯಿತು. ಬದುಕಿರುವವರ ಶುಭಕಾರ್ಯ ನಡೆಯದ ಆ ತಿಂಗಳು ಇಂಥ ಮದುವೆಗಳದ್ದು. ಹುಡುಗನ ಮನೆಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಪಂಚೆ ಶಲ್ಯ, ಇನ್ನೊಂದರ ಮೇಲೆ ಸೀರೆ, ಕುಪ್ಪಸ, ಬಳೆ, ಕರಿಮಣಿ. ಎಲ್ಲ ಮದುವೆಗಳಂತೆಯೇ ಗೌಜಿ, ತಮಾಷೆ. ಮದುಮಗಳ ಅಲಂಕಾರ ಇನ್ನೂ ಮುಗಿಯಲಿಲ್ಲವೋ ಎಂದು ಅವರ ಕಡೆಯವರು ಕೇಳಿದರು, ನಿಮ್ಮ ಹುಡುಗನಿಗೆ ಅವಸರವೋ ಎಂದು ನಮ್ಮವರು ಕೇಳಿದರು. ಅಳಬಾರದು ಎಂದು ಅತ್ತೆ ಮೊದಲೇ ತಾಕೀತು ಮಾಡಿದ್ದರಿಂದ ನಾನೂ ನಕ್ಕೆ. ಗಂಡನೂ ನಾನೂ ಸೇರಿ ಧಾರೆ ಎರೆದೆವು. ಹೆಣ್ಣಿನ ಮಣೆಯನ್ನು ಗಂಡಿನ ಮಣೆಗೆ ತಾಗಿಸಿ ಇಟ್ಟರು. ಸರಿಯಾಗಿ ಆಯಿತು, ಇನ್ನು ನೆಮ್ಮದಿ ಎಂದುಕೊಂಡೆ.

ನೆಮ್ಮದಿ ಒಂದು ವರ್ಷವೂ ಬಾಳಲಿಲ್ಲ. ಮುಂದಿನ ಆಟಿಯಲ್ಲಿ ಒಳಕೋಣೆಯಲ್ಲಿ ಎಲೆ ಹಾಕುತ್ತಾ ಹೋದವಳು ಕೈಯ ಅಭ್ಯಾಸದಿಂದ ಅವಳ ಎಲೆಯನ್ನೂ ಹಾಕಿಬಿಟ್ಟೆ. ಅತ್ತೆಗೆ ಆಗ ಕಣ್ಣು ಮಂಜು, ಆದರೂ ಎಲೆ ಎಣಿಸುವುದನ್ನು ಬಿಟ್ಟಿರಲಿಲ್ಲ.

"ಅದನ್ನು ತೆಗಿ ಮಗಾ," ಎಂದರು ಮೆಲ್ಲಗೆ. "ಅವಳೀಗ ಆ ಮನೆಯವಳು. ಇಲ್ಲಿಯೂ ಕರೆದ್ರೆ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಅಂತ ಆಗ್ತದೆ."

ಇದು ನನಗೆ ಗೊತ್ತಿಲ್ಲದ ಕ್ರಮವೇನಲ್ಲ. ಸಂಬಂಧ ಹುಡುಕಿದವಳು, ಬಸ್ಸು ಹತ್ತಿದವಳು, ಮೂಲೆ ಮೂಲೆ ನೋಡಿದವಳು ನಾನೇ. ಆದರೆ ಇದರ ಕೊನೆಗೆ ಅವಳ ಎಲೆಯನ್ನು ನನ್ನ ಕೈಯಿಂದಲೇ ತೆಗೆಯಬೇಕಾಗುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ತೆಗೆದೆ. ಮರುದಿನ ಶಾಲೆಯಲ್ಲಿ ಯಾರು ಏನು ಕೇಳಿದರೂ ಹರಿಹಾಯ್ದೆ. ಮೂಡಬಿದ್ರೆಯ ಮನೆಯಲ್ಲಿ ಭಾನುವಾರ ಬಡಿಸುತ್ತಾರೆ ಎಂದು ತಿಳಿಯಿತು. ಬೀಗರ ಮನೆಗೆ ಕರೆಯದೆ ಹೋಗುವುದು ಮರ್ಯಾದೆಯಲ್ಲ ಎಂದು ಗಂಡ ಹೇಳಿದರೂ ಹೊರಟೆ.

ಆ ತಾಯಿಗೆ ನನ್ನನ್ನು ನೋಡಿ ಆಶ್ಚರ್ಯವಾದಂತೆ ಕಾಣಲಿಲ್ಲ. ಕಾಲಿಗೆ ನೀರು ಕೊಟ್ಟು ಸೀದಾ ಒಳಕೋಣೆಗೆ ಕರೆದರು. ಎರಡು ಎಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ನೀರುದೋಸೆ, ಪತ್ರೊಡೆ, ಕೋಳಿ ಪದಾರ್ಥ ಎಲ್ಲ ತಯಾರಿತ್ತು. ಕೋಳಿಯ ಪಾತ್ರೆಯನ್ನೂ ಸೌಟನ್ನೂ ನನ್ನ ಕೈಗೆ ಕೊಟ್ಟು, "ನೀವೇ ಬಡಿಸಿ," ಎಂದರು. "ಖಾರ ತಿನ್ಲಿಕ್ಕೆ ಆಗ್ತದಾ ಅವಳಿಗೆ? ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಹಾಕುವುದು. ಬೇಡದಿದ್ರೆ ಬೇರೆ ಮಾಡ್ತೇನೆ."

ಹದಿನಾರು ವರ್ಷವೂ ನಾನು ಅವಳ ಎಲೆಗೆ ಹಾಕುವ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಮಸಾಲೆ ತೊಳೆದು, ಎಲುಬು ಬಿಡಿಸಿ ಹಾಕುತ್ತಿದ್ದೆ. ಮದುವೆಯ ಪ್ರಾಯ ಬಂತೆಂದು ಊರಿಗೆಲ್ಲ ಹೇಳಿದವಳು ಎಲೆಯ ಎದುರು ಮಾತ್ರ ಅವಳನ್ನು ನಾಲ್ಕು ವರ್ಷ ದಾಟಲು ಬಿಟ್ಟಿರಲಿಲ್ಲ. ಇಪ್ಪತ್ತೊಂದರವಳು ಏನು ತಿನ್ನುತ್ತಾಳೆ, ಏನು ಬಿಡುತ್ತಾಳೆ, ನನಗೆ ಗೊತ್ತಿರಲಿಲ್ಲ. ಆ ತಾಯಿ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಈಗ ಆಗ್ತದೆ," ಎಂದೆ.

ಸೌಟಿನಲ್ಲಿ ಮೊಗೆದು, ಎಲುಬು ಸಮೇತ, ಕೆಂಪು ರಸ ಸಮೇತ ಅವಳ ಎಲೆಗೆ ಬಡಿಸಿದೆ. ಹದಿನೇಳು ವರ್ಷದ ಹಿಂದೆ ಅಂಗಳದಲ್ಲಿ ಬಾರದ ಅಳು ಆಗ ಬಂತು, ತಡೆಯಲು ಆಗಲಿಲ್ಲ. ಆ ತಾಯಿ ಅಳಬೇಡಿ ಎನ್ನಲಿಲ್ಲ. ಸೌಟು ತೆಗೆದುಕೊಂಡು ಮಗನ ಎಲೆಗೂ ಅಷ್ಟೇ ಬಡಿಸಿ, ನನ್ನ ತೋಳು ಹಿಡಿದು ಹೊರಗೆ ಕರೆತಂದು ಬಾಗಿಲು ಎಳೆದರು.